ಯಾವ ಮಸಾಜ್ ನಿಮಗೆ ಸರಿ? ಹೆಸರು ಆಮೇಲೆ, ಮೊದಲು ಒತ್ತಿನ ಹದ

ಮೊದಲ ಸಲ ಡೀಪ್ ಟಿಶ್ಯೂ ಮಸಾಜ್ ಮಾಡಿಸಿಕೊಂಡಾಗ ನಾನು ಒಂದು ಗಂಟೆ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಆಗ ಕತ್ತು ಹಿಡಿದುಕೊಂಡಿತ್ತು, ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಇದೇ ಗಟ್ಟಿಯಾಗಿ ಕೇಳಿಸಿತು. 'ಡೀಪ್' ಅಂದಮೇಲೆ ಗುಣವೂ ಆಳಕ್ಕೇ ಇಳಿಯುತ್ತದೆ ಅಂದುಕೊಂಡೆ. ಮಸಾಜ್ ಮಾಡುವವರು ಭುಜದ ಮೇಲೆ ಮೊಣಕೈ ಊರಿದಾಗ ಕಣ್ಣಲ್ಲಿ ನೀರು ಬಂತು. "ನೋವಾಗ್ತಿದೆಯಾ?" ಎಂದು ಕೇಳಿದರು. "ಪರವಾಗಿಲ್ಲ" ಎಂದೆ. ಮುಂದಿನ ಮೂರು ದಿನ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಯಿತು. ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗೆ.

ಅವರನ್ನು ಬೈದು ಪ್ರಯೋಜನವಿಲ್ಲ. ನನಗೆ ಬೇಕಾಗಿದ್ದು ನಿದ್ದೆ, ನಾನು ಕೇಳಿ ತಗೊಂಡಿದ್ದು ಗುದ್ದು.

ಮಸಾಜ್‌ನ ಪಟ್ಟಿ ನೋಡಿದರೆ ಯಾರಿಗಾದರೂ ಗಲಿಬಿಲಿಯಾಗುತ್ತದೆ. ಸ್ವೀಡಿಷ್, ಥಾಯ್, ಶಿಯಾತ್ಸು, ಅಭ್ಯಂಗ, ಹಾಟ್ ಸ್ಟೋನ್, ಸ್ಪೋರ್ಟ್ಸ್, ರಿಫ್ಲೆಕ್ಸಾಲಜಿ, ಹೀಗೆ ಹತ್ತಾರು. ಆದರೆ ಕೈ ಮಾಡುವ ಕೆಲಸಗಳು ಬೆರಳೆಣಿಕೆಯಷ್ಟೇ. ನೀವುವುದು, ನಾದುವುದು, ಒತ್ತುವುದು, ಉಜ್ಜುವುದು, ತಟ್ಟುವುದು, ಎಳೆಯುವುದು. ಯಾವುದು ಜಾಸ್ತಿ, ಯಾವುದು ಕಮ್ಮಿ, ಎಷ್ಟು ಆಳ, ಎಷ್ಟು ನಿಧಾನ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಹಾಗಾಗಿ ಹೆಸರಿನಿಂದ ಶುರು ಮಾಡಬೇಡಿ, ನಿಮ್ಮ ಮೈಯಿಂದ ಶುರು ಮಾಡಿ. ನೋವು ಒಂದೇ ಕಡೆ ಇದೆಯೋ, ಇಲ್ಲಾ ಮೈಯೆಲ್ಲಾ ದಣಿದಿದೆಯೋ? ನೋವಿರುವ ಕಡೆ ನೀವೇ ಹೆಬ್ಬೆರಳಿಂದ ಒತ್ತಿಕೊಂಡರೆ ಹಾಯ್ ಅನಿಸುತ್ತದೆಯೋ, ಕೈ ಕಿತ್ತುಕೊಳ್ಳೋಣ ಅನಿಸುತ್ತದೆಯೋ? ಬಟ್ಟೆ ತೆಗೆದು ಎಣ್ಣೆ ಹಚ್ಚಿಸಿಕೊಳ್ಳಲು ಸಂಕೋಚವೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಪಟ್ಟಿಯ ಅರ್ಧ ತಾನಾಗಿಯೇ ಉದುರಿಹೋಗುತ್ತದೆ.

ಜೋರಾಗಿ ಒತ್ತಿದರೇ ಗುಣ ಎಂದು ನಂಬಿದವರಿಗೆ ಒಂದು ಸುದ್ದಿ. 2011ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಬಹಳ ಕಾಲದಿಂದ ಸೊಂಟನೋವಿದ್ದ 401 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸುಮ್ನೆ ಆರಾಮ ಕೊಡುವ ಹಿತವಾದ ಮಸಾಜ್. ಇನ್ನೊಂದಕ್ಕೆ ನೋವಿನ ಮೂಲ ಹುಡುಕಿ, ಆ ಸ್ನಾಯುಗಳನ್ನೇ ಗುರಿಯಾಗಿಸಿದ ಮಸಾಜ್. ಮೂರನೆಯವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ವಾರಕ್ಕೊಂದರಂತೆ 10 ವಾರ ಕಳೆದ ಮೇಲೆ ನೋಡಿದರೆ, ಮಸಾಜ್ ಮಾಡಿಸಿಕೊಂಡ ಎರಡೂ ಗುಂಪಿನವರು ಮೂರನೆಯವರಿಗಿಂತ ಚೆನ್ನಾಗಿದ್ದರು. ಆದರೆ ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಾನು ಕಚ್ಚಿದ ಹಲ್ಲೆಲ್ಲಾ ದಂಡ, ಅಲ್ವಾ?

ಸ್ವೀಡಿಷ್ಷೋ, ಡೀಪ್ ಟಿಶ್ಯೂನೋ?

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸ್ವೀಡಿಷ್ ಮಸಾಜ್ ಎಂದರೆ ಮೇಜಿನ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಉದ್ದಕ್ಕೆ ನೀವುತ್ತಾ, ನಡುನಡುವೆ ಹಿಟ್ಟು ನಾದಿದ ಹಾಗೆ ಸ್ನಾಯು ನಾದುವ ಬಗೆ. ಕೈಕಾಲುಗಳನ್ನು ಸಾಮಾನ್ಯವಾಗಿ ತುದಿಯಿಂದ ಎದೆಯ ದಿಕ್ಕಿಗೆ ನೀವುತ್ತಾರೆ. ಹೆಸರಿನ ಕಥೆ ತಮಾಷೆಯಾಗಿದೆ. ಬಹಳ ಕಾಲ ಇದರ ಕೀರ್ತಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಅವರಿಗೆ ಸಲ್ಲುತ್ತಿತ್ತು. 1776ರಲ್ಲಿ ಹುಟ್ಟಿದ ಅವರು ಅಂಗಸಾಧನೆಯ ಪದ್ಧತಿಯೊಂದನ್ನು ಕಟ್ಟಿದವರು, ನಿಜ. ಆದರೆ ಈಗ ನಾವು ನೋಡುವ ನೀವುವುದು, ನಾದುವುದು, ತಟ್ಟುವುದು ಎಂಬ ವಿಂಗಡಣೆ ನೆದರ್‌ಲ್ಯಾಂಡ್ಸ್‌ನ ವೈದ್ಯ ಯೋಹಾನ್ ಗೇಯೋರ್ಗ್ ಮೆಟ್ಸ್‌ಗರ್ ಅವರದ್ದು ಎನ್ನುತ್ತಾರೆ ಇತಿಹಾಸ ಕೆದಕಿದವರು. ಸ್ವೀಡನ್ನಿನಲ್ಲಿ ಇದನ್ನು ಸ್ವೀಡಿಷ್ ಅನ್ನುವುದೂ ಇಲ್ಲ, ಕ್ಲಾಸಿಕ್ ಮಸಾಜ್ ಅನ್ನುತ್ತಾರೆ.

ನಿದ್ದೆ ಕೆಟ್ಟಿದೆ, ತಲೆಯಲ್ಲಿ ಯೋಚನೆ ನಿಲ್ಲುತ್ತಿಲ್ಲ, ಮೈಯೆಲ್ಲಾ ಭಾರ, ಆದರೆ ಇಂಥಾ ಕಡೆಯೇ ನೋವು ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಇಂಥವರಿಗೆ ಇದು ಸರಿ. ಮೊದಲ ಸಲ ಮಾಡಿಸಿಕೊಳ್ಳುವವರಿಗೂ ಇದೇ ಸರಿ. ನಿಧಾನವಾಗಿ ನೀವಿದರೆ ಯಾಕೆ ಅಷ್ಟು ಹಿತ ಅನ್ನುವುದಕ್ಕೂ ಕಾರಣವಿದೆ. ಕೂದಲಿರುವ ಚರ್ಮದಲ್ಲಿ ಒಂದು ಜಾತಿಯ ಸಣ್ಣ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ನೀವಿದಾಗ ಅವು ಹೆಚ್ಚು ಚುರುಕಾಗುತ್ತವೆ. ಅದಕ್ಕಿಂತ ಬೇಗ ಉಜ್ಜಿದರೆ ಅಷ್ಟಾಗಿ ಓಗೊಡುವುದಿಲ್ಲ. ಮಗುವಿನ ಬೆನ್ನು ಸವರುವಾಗ ಯಾರೂ ಹೇಳಿಕೊಡದೆ ನಮ್ಮ ಕೈ ಹಿಡಿಯುವ ವೇಗವೂ ಹೆಚ್ಚುಕಮ್ಮಿ ಅದೇ.

ಡೀಪ್ ಟಿಶ್ಯೂ ಬೇರೆ ಕೆಲಸಕ್ಕೆ. ಮೇಲಿನ ಸ್ನಾಯು ಸಡಿಲವಾಗುವವರೆಗೆ ಕಾದು, ಅದರ ಕೆಳಗಿನ ಪದರಕ್ಕೆ ಬೆರಳು, ಗೆಣ್ಣು ಅಥವಾ ಮೊಣಕೈ ಇಳಿಸುತ್ತಾರೆ. ಒಂದು ಜಾಗ ಬಹಳ ದಿನದಿಂದ ಬಿಗಿದಿದೆ, ಎಲ್ಲಿ ಅಂತ ನಿಮಗೇ ಗೊತ್ತು, ಒತ್ತಿದರೆ "ಹಾಂ, ಅಲ್ಲೇ!" ಅನಿಸುತ್ತದೆ. ಆಗ ಇದನ್ನು ಆರಿಸಿ. ಇದರಲ್ಲಿ ನೋಡಬೇಕಾದ್ದು ಬಲವನ್ನಲ್ಲ, ನಿಧಾನವನ್ನು. ಒಳ್ಳೆಯ ಕೈ ಇಳಿಯುವುದು ಎಣ್ಣೆ ಹತ್ತಿಗೆ ಇಳಿದ ಹಾಗೆ. ಅವಸರದಲ್ಲಿ ಚುಚ್ಚಿದರೆ ಸ್ನಾಯು ಹೆದರಿ ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಒತ್ತುವವರೂ ಸ್ನಾಯುವೂ ಕುಸ್ತಿಗೆ ಬಿದ್ದ ಹಾಗೆ, ಏಟು ಮಾತ್ರ ನಿಮಗೆ.

ಹದ ತಿಳಿಯಲು ನನ್ನ ಲೆಕ್ಕ ಸುಲಭದ್ದು. ಉಸಿರು ಗಮನಿಸಿ. ಒತ್ತುವಾಗಲೂ ಉಸಿರು ಸರಾಗವಾಗಿ ಆಡುತ್ತಿದ್ದರೆ ಒತ್ತು ಸರಿಯಾಗಿದೆ. ಉಸಿರು ಹಿಡಿದುಕೊಂಡಿದ್ದೀರಿ, ಕಾಲ್ಬೆರಳು ಮುದುಡಿದೆ, ದವಡೆ ಬಿಗಿದಿದೆ ಎಂದರೆ ಜಾಸ್ತಿಯಾಯಿತು ಎಂದೇ ಅರ್ಥ. ಮಾಡಿಸಿಕೊಂಡ ಮೇಲೆ ಒಂದೆರಡು ದಿನ ವ್ಯಾಯಾಮ ಮಾಡಿದ ಮಾರನೇ ದಿನದಂತೆ ಸಣ್ಣ ನೋವಿದ್ದರೆ ಅದು ಮಾಮೂಲು. ಮೈ ನೀಲಿಗಟ್ಟಿದರೆ ಮಾಮೂಲಲ್ಲ. "ನೀಲಿಗಟ್ಟಿದರೆ ಒಳ್ಳೆಯದು, ಕೆಟ್ಟದ್ದೆಲ್ಲಾ ಹೊರಗೆ ಬಂತು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಚರ್ಮದ ಕೆಳಗೆ ಒಡೆದ ಸಣ್ಣ ರಕ್ತನಾಳ, ಅಷ್ಟೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮೂಳೆ ಸವೆದು ಟೊಳ್ಳಾಗಿರುವವರು ಡೀಪ್ ಟಿಶ್ಯೂ ತಂಟೆಗೇ ಹೋಗದಿರುವುದು ಒಳ್ಳೆಯದು.

ಎರಡರ ನಡುವೆ ಅನುಮಾನವಿದ್ದರೆ ಸ್ವೀಡಿಷ್ ಹೇಳಿ, ಬಿಗಿದ ಕಡೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಇರಿ ಎಂದು ಕೇಳಿಕೊಳ್ಳಿ. ಹದವಾದ ಒತ್ತನ್ನು ಹೆಚ್ಚಿಸುವುದು ಸುಲಭ. ಆಗಿಹೋದ ಏಟನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ.

ಒಂದೇ ಗಂಟು ಕಾಡುತ್ತಿದ್ದರೆ

ಭುಜದ ಮೇಲೆ ಗೋಲಿಯಂಥ ಗಂಟು. ಅದನ್ನು ಒತ್ತಿದರೆ ನೋವು ಅಲ್ಲಿ ನಿಲ್ಲದೆ ಕತ್ತಿನ ಪಕ್ಕದಿಂದ ಹತ್ತಿ ಕಣತಲೆಗೆ ಬಂದು ಕೂರುತ್ತದೆ. ಇದನ್ನು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಹೀಗೆ ಒಂದು ಕಡೆಯ ಗಂಟು ಇನ್ನೊಂದು ಕಡೆ ನೋವು ಕೊಡುವುದರ ನಕಾಶೆ ಬರೆದವರಲ್ಲಿ ಮುಖ್ಯರು ಡಾಕ್ಟರ್ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ಒದ್ದಾಡುತ್ತಿದ್ದ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರಿಗೆ ವೈದ್ಯರಾಗಿದ್ದವರು ಅವರೇ. ಆ ಗಂಟು ನಿಜಕ್ಕೂ ಏನು ಎನ್ನುವುದರ ಬಗ್ಗೆ ತಿಳಿದವರಲ್ಲಿ ಇವತ್ತಿಗೂ ಜಗಳವಿದೆ. ಆದರೆ ಅಲ್ಲಿ ಕೆಲವು ಸೆಕೆಂಡು ಹಿಡಿದು ಒತ್ತಿ ಬಿಟ್ಟಾಗ ಆಗುವ ಆರಾಮ ಅನುಭವಿಸಿದವರಿಗೆ ಗೊತ್ತು.

ಇದಕ್ಕೆ ಪೂರ್ತಿ ಮೈಯ ಮಸಾಜ್ ಬೇಡ. ಟ್ರಿಗರ್ ಪಾಯಿಂಟ್ ತಿಳಿದವರು ಸಿಕ್ಕರೆ ಆ ಭಾಗಕ್ಕಷ್ಟೇ ಸಮಯ ಕೊಡಿ. ಇಲ್ಲದಿದ್ದರೆ ಒಂದು ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿಕೊಳ್ಳಿ. ಬೆನ್ನುಮೂಳೆಯ ಮೇಲೆ ಬೇಡ, ಅದರ ಪಕ್ಕದ ಮಾಂಸದ ಮೇಲೆ. ಅರ್ಧದಷ್ಟು ಸಲ ನನಗೆ ಇಷ್ಟೇ ಸಾಕಾಗಿದೆ.

ಆಟಗಾರರಿಗೆಂದೇ ಇರುವ ಸ್ಪೋರ್ಟ್ಸ್ ಮಸಾಜ್ ಸ್ವೀಡಿಷ್, ಡೀಪ್ ಟಿಶ್ಯೂಗಳ ಬಂಧುವೇ. ಇದರಲ್ಲಿ ಯಾವ ಬಗೆ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಓಟಕ್ಕೆ ಮುಂಚೆ ಹಗುರವಾಗಿ, ಚುರುಕಾಗಿ, ಸ್ವಲ್ಪ ಹೊತ್ತು. ಓಟ ಮುಗಿದ ಮೇಲೆ ನಿಧಾನವಾಗಿ, ಹಿತವಾಗಿ. ನಾಳೆ ಸ್ಪರ್ಧೆ ಇಟ್ಟುಕೊಂಡು ಇವತ್ತು ತೊಡೆಗೆ ಮೊಣಕೈ ಊರಿಸಿಕೊಂಡರೆ ನಾಳೆ ಕುಂಟುವುದೇ ಗತಿ. "ಸ್ನಾಯುವಿನಲ್ಲಿ ಕೂತ ಲ್ಯಾಕ್ಟಿಕ್ ಆಸಿಡ್ ತೆಗೆಯುತ್ತೇವೆ" ಎಂಬ ಮಾತು ಇಲ್ಲಿ ಜಾಸ್ತಿ ಕೇಳಿಸುತ್ತದೆ. ಜೋರಾಗಿ ದುಡಿದ ಸ್ನಾಯುವಿನಲ್ಲಿ ಹುಟ್ಟುವ ಆ ಆಮ್ಲ ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಇಳಿದಿರುತ್ತದೆ. ಮಾರನೇ ದಿನದ ಮೈನೋವಿಗೆ ಕಾರಣ ಬೇರೆ. ಆ ನೋವನ್ನು ಮಸಾಜ್ ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟು ನಿಜ.

ಬಟ್ಟೆ ತೆಗೆಯಲು ಇಷ್ಟವಿಲ್ಲದವರಿಗೆ: ಥಾಯ್, ಶಿಯಾತ್ಸು

ಸಂಕೋಚ ತಪ್ಪೇನಲ್ಲ. ಮೈ ಮುದುಡಿಕೊಂಡು ಮಲಗಿದರೆ ಯಾವ ಮಸಾಜೂ ಹತ್ತುವುದಿಲ್ಲ. ಎಣ್ಣೆ ಆಗಿಬರದವರೂ ಇರುತ್ತಾರೆ. ಅಂಥವರು ಈ ಎರಡನ್ನು ನೋಡಬಹುದು. ಎರಡರಲ್ಲೂ ಸಡಿಲ ಬಟ್ಟೆ ಹಾಕಿಕೊಂಡೇ ಇರುತ್ತೀರಿ, ಎಣ್ಣೆ ಇಲ್ಲ, ಮಲಗುವುದು ಹೆಚ್ಚಾಗಿ ನೆಲದ ಮೇಲಿನ ಹಾಸಿಗೆಯಲ್ಲಿ. ಹೋಲಿಕೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು.

ಥಾಯ್ ಮಸಾಜ್‌ನಲ್ಲಿ ನೀವು ಸುಮ್ಮನೆ ಮಲಗಿದ್ದರೂ ನಿಮ್ಮ ಮೈ ಸುಮ್ಮನಿರುವುದಿಲ್ಲ. ಕಾಲು ಮಡಿಸುತ್ತಾರೆ, ಸೊಂಟ ತಿರುಚುತ್ತಾರೆ, ಕೈ ಹಿಡಿದು ಹಿಂದಕ್ಕೆ ಎಳೆದು ಎದೆ ಅರಳಿಸುತ್ತಾರೆ. ಅಂಗೈ, ಹೆಬ್ಬೆರಳು, ಮೊಣಕೈ ಸಾಲದು ಅಂತ ಮಂಡಿ, ಪಾದಗಳೂ ಕೆಲಸಕ್ಕಿಳಿಯುತ್ತವೆ. ಬ್ಯಾಂಕಾಕಿನ ವಾಟ್ ಪೋ ದೇವಾಲಯದ ಕಲ್ಲುಗಳ ಮೇಲೆ 19ನೇ ಶತಮಾನದಲ್ಲೇ ಈ ವಿದ್ಯೆಯ ಚಿತ್ರಗಳನ್ನು ಕೆತ್ತಿಸಿದ್ದರು. 2019ರಲ್ಲಿ ಯುನೆಸ್ಕೋ ಇದನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ದಿನವಿಡೀ ಕೂತು ಸೊಂಟ, ತೊಡೆಯ ಹಿಂಭಾಗ ಮರದಂತೆ ಬಿಗಿದವರಿಗೆ ಇದರಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಬೆನ್ನಿನ ಡಿಸ್ಕ್ ಜಾರಿದವರು, ಸೊಂಟದ ಅಥವಾ ಮಂಡಿಯ ಕೀಲು ಬದಲಿಸಿಕೊಂಡವರು, ಕೀಲು ತಪ್ಪುವ ಅಭ್ಯಾಸವಿರುವವರು ದೂರ ಇರಬೇಕು. ಎಳೆತ ಎಲ್ಲಿಗೆ ನಿಲ್ಲಬೇಕು ಅನ್ನುವುದು ಇಲ್ಲಿ ಬೇರೊಬ್ಬರ ಕೈಯಲ್ಲಿರುತ್ತದೆ, ನೆನಪಿರಲಿ.

ಶಿಯಾತ್ಸು ಜಪಾನಿನದ್ದು. 'ಶಿ' ಎಂದರೆ ಬೆರಳು, 'ಆತ್ಸು' ಎಂದರೆ ಒತ್ತು. ಹೆಸರಲ್ಲೇ ಎಲ್ಲಾ ಇದೆ. ತೊಕುಜಿರೊ ನಾಮಿಕೋಶಿ ಎಂಬವರು 1940ರಲ್ಲಿ ಇದಕ್ಕೊಂದು ಶಾಲೆ ತೆರೆದರು. ಎಳೆದಾಟ ಕಡಿಮೆ. ಒಂದೊಂದೇ ಜಾಗದಲ್ಲಿ ಹೆಬ್ಬೆರಳು ಅಥವಾ ಅಂಗೈ ಇಟ್ಟು, ಮೈಭಾರ ಬಿಟ್ಟು, ಕೆಲವು ಸೆಕೆಂಡು ನಿಂತು ಮುಂದೆ ಸಾಗುತ್ತಾರೆ. ಮೈಯಲ್ಲಿ 'ಕಿ' ಎಂಬ ಶಕ್ತಿ ಹರಿಯುವ ದಾರಿಗಳಿವೆ, ಅವನ್ನು ಒತ್ತುತ್ತೇವೆ ಎಂದು ಕೆಲವರು ವಿವರಿಸುತ್ತಾರೆ. ಆ ದಾರಿಗಳನ್ನು ನೀವು ನಂಬಲೇಬೇಕು ಅಂತಿಲ್ಲ, ಒತ್ತಿನ ಹಿತಕ್ಕೆ ನಂಬಿಕೆ ಬೇಕಾಗಿಲ್ಲ. ಮೈ ಬಾಗದವರು, ವಯಸ್ಸಾದವರು, ಉಜ್ಜಿದರೆ ಚರ್ಮ ಉರಿಯುವವರು ಥಾಯ್ ಬದಲು ಇದನ್ನು ನೋಡಬಹುದು.

ಇನ್ನೂ ಹೆಚ್ಚು ಸಂಕೋಚವಿದ್ದರೆ ಕುರ್ಚಿ ಮಸಾಜ್ ಇದೆ. ಮುಖ ಊರಲು ದಿಂಬಿರುವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರೆ 15-20 ನಿಮಿಷ ಕತ್ತು, ಭುಜ, ಬೆನ್ನು ನೋಡುತ್ತಾರೆ. ದೊಡ್ಡ ನೋವಿಗೆ ಸಾಲದು. ಬೇರೆಯವರ ಕೈ ನಿಮಗೆ ಆಗಿಬರುತ್ತದೆಯೋ ಇಲ್ಲವೋ ಎಂದು ನೋಡಲು ಸಾಕು.

ಅಭ್ಯಂಗ

ಇದನ್ನು ಸ್ವೀಡಿಷ್‌ನ ಪಕ್ಕ ಇಟ್ಟು ನೋಡುವುದೇ ಸರಿ. ಎರಡರಲ್ಲೂ ಎಣ್ಣೆ, ಎರಡರಲ್ಲೂ ಉದ್ದಕ್ಕೆ ನೀವುವ ಕೈ. ಒಂದು ಮುಖ್ಯ ವ್ಯತ್ಯಾಸವಿದೆ. ಸ್ವೀಡಿಷ್‌ನಲ್ಲಿ ಎಣ್ಣೆ ಕೈ ಜಾರಲು ಮಾತ್ರ. ಅಭ್ಯಂಗದಲ್ಲಿ ಎಣ್ಣೆಯೇ ಔಷಧಿ, ಕೈ ಅದನ್ನು ಮೈಗೆ ಸೇರಿಸುವ ಸಾಧನ. ಅದಕ್ಕೇ ಬೆಚ್ಚಗಿನ ಎಣ್ಣೆಯನ್ನು ಧಾರಾಳವಾಗಿ ಹಚ್ಚುತ್ತಾರೆ. ಹೆಚ್ಚಾಗಿ ಎಳ್ಳೆಣ್ಣೆ, ಇಲ್ಲಾ ಅದರಲ್ಲಿ ಮೂಲಿಕೆ ಕಾಯಿಸಿದ ತೈಲ. ಕೆಲವು ಕಡೆ ಇಬ್ಬರು ಎರಡು ಪಕ್ಕ ನಿಂತು ಒಂದೇ ತಾಳದಲ್ಲಿ ನೀವುತ್ತಾರೆ. ಆ ತಾಳಕ್ಕೇ ಅರ್ಧ ನಿದ್ದೆ ಬಂದಿರುತ್ತದೆ.

ಆಯುರ್ವೇದದ ಹಳೆಯ ಗ್ರಂಥಗಳು ಅಭ್ಯಂಗವನ್ನು ದಿನಾ ಮಾಡಿಕೊಳ್ಳಿ ಎನ್ನುತ್ತವೆ, ತಲೆ, ಕಿವಿ, ಅಂಗಾಲುಗಳಿಗೆ ಮಾತ್ರ ತಪ್ಪಿಸಲೇಬೇಡಿ ಎನ್ನುತ್ತವೆ. ಅಜೀರ್ಣವಾದಾಗ ಬೇಡ ಎಂದೂ ಅವೇ ಹೇಳುತ್ತವೆ. ಒಣ ಚರ್ಮ, ದಣಿವು, ನಿದ್ದೆಗೇಡು ಇದ್ದವರಿಗೆ ನಾನು ಇದನ್ನು ಸಂತೋಷವಾಗಿ ಹೇಳುತ್ತೇನೆ. ಭುಜದ ಹಳೇ ಗಂಟು ಬಿಡಿಸಿಕೊಳ್ಳಲು ಹೊರಟವರಿಗೆ ಹೇಳುವುದಿಲ್ಲ. ಅಷ್ಟು ಎಣ್ಣೆಯಲ್ಲಿ ಬೆರಳು ಗಂಟಿನ ಮೇಲೆ ನಿಲ್ಲುವುದೇ ಇಲ್ಲ, ಜಾರುತ್ತದೆ. ಮೂಲಿಕೆಯ ತೈಲವಾದರೆ ಅದರಲ್ಲಿ ಏನೇನಿದೆ ಕೇಳಿ. ಅಲರ್ಜಿ ಇರುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡುವುದು ಒಳ್ಳೆಯದು. ಇನ್ನೊಂದು ಅನುಕೂಲ, ಈ ಪಟ್ಟಿಯಲ್ಲಿ ಮನೆಯಲ್ಲಿ ನಿಮ್ಮ ಕೈಯಿಂದ ನೀವೇ ನೆಟ್ಟಗೆ ಮಾಡಿಕೊಳ್ಳಬಹುದಾದದ್ದು ಇದೊಂದೇ. ಎಣ್ಣೆ ಕಾಲಲ್ಲಿ ಬಚ್ಚಲಿಗೆ ನಡೆಯುವಾಗ ಮಾತ್ರ ಜೋಪಾನ.

ಊತಕ್ಕೆ ಬೇರೆಯದೇ ದಾರಿ

ಕೈ ಅಥವಾ ಕಾಲು ಊದಿಕೊಂಡಿದ್ದರೆ ಮೇಲಿನ ಯಾವುದೂ ಬೇಡ. ದುಗ್ಧರಸ, ಅಂದರೆ ಲಿಂಫ್ ಎಂಬ ಮೈಯೊಳಗಿನ ತಿಳಿನೀರು, ಹರಿಯದೆ ನಿಂತು ಬರುವ ಊತಕ್ಕೆ ಲಿಂಫ್ ಡ್ರೈನೇಜ್ ಎಂಬ ಮಸಾಜ್ ಇದೆ. ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದಾಗ ರೂಪಿಸಿದ ವಿಧಾನ ಇದು. ಮೊದಲ ಸಲ ನೋಡಿದವರಿಗೆ "ಇವರು ಏನೂ ಮಾಡುತ್ತಿಲ್ಲವಲ್ಲ" ಅನಿಸುತ್ತದೆ. ಚರ್ಮವನ್ನು ಮೆಲ್ಲಗೆ ಹಿಡಿದು ಒಂದಿಷ್ಟು ಸರಿಸಿ ಬಿಡುತ್ತಾರೆ, ಅಷ್ಟೆ. ಲಿಂಫ್‌ನ ಸಣ್ಣ ನಾಳಗಳು ಚರ್ಮದ ಕೆಳಗೇ ಇರುವುದರಿಂದ ಜೋರಾಗಿ ಒತ್ತುವ ಅಗತ್ಯವಿಲ್ಲ. ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಊದಿಕೊಳ್ಳುವವರಿಗೆ, ಬಿಗಿಪಟ್ಟಿ ಮತ್ತು ವ್ಯಾಯಾಮದ ಜೊತೆಗೆ ಇದನ್ನು ಮಾಡುತ್ತಾರೆ. ಇದಕ್ಕೆಂದೇ ಕಲಿತವರು ಬೇಕು, ವೈದ್ಯರ ಒಪ್ಪಿಗೆಯೂ ಬೇಕು. ಹೃದಯದ ತೊಂದರೆಯಿಂದ ಕಾಲು ಊದಿದ್ದರೆ ಇದು ಅಪಾಯ. ಆ ನೀರನ್ನು ಹೃದಯದ ಕಡೆಗೇ ತಳ್ಳಿದ ಹಾಗಾಗುತ್ತದೆ.

ಇದನ್ನೇ ತೂಕ ಇಳಿಸಲು ಮಾರುವವರಿದ್ದಾರೆ. ಮಾಡಿಸಿಕೊಂಡ ದಿನ ಸುತ್ತಳತೆ ಒಂದಿಷ್ಟು ಇಳಿದರೂ ಇಳಿಯುವುದು ನೀರು, ಕೊಬ್ಬಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಬಿಸಿ ಕಲ್ಲಿನ ಮಸಾಜ್ ಎಂದರೆ ನುಣುಪಾದ ಬಸಾಲ್ಟ್ ಕಲ್ಲು ಬಿಸಿ ಮಾಡಿ ಬೆನ್ನ ಮೇಲಿಟ್ಟು, ಅದರಿಂದಲೇ ನೀವುವುದು. ಚಳಿ ಹತ್ತುವ ಮೈಯವರಿಗೆ, ಒತ್ತು ಇಷ್ಟವಿಲ್ಲದವರಿಗೆ ಹಿತ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ರಿಫ್ಲೆಕ್ಸಾಲಜಿಯಲ್ಲಿ ಪಾದದ ಒಂದೊಂದು ಜಾಗಕ್ಕೂ ಒಂದೊಂದು ಅಂಗದ ನಂಟಿದೆ ಎನ್ನುತ್ತಾರೆ. ಪಾದ ಒತ್ತಿಸಿಕೊಳ್ಳುವುದು ಖುಷಿಯ ಸಂಗತಿ, ನಾನೂ ಬಿಡುವುದಿಲ್ಲ. ಆದರೆ ಅಂಗಾಲು ಮುಟ್ಟಿ "ನಿಮ್ಮ ಮೂತ್ರಪಿಂಡ ಸರಿಯಿಲ್ಲ" ಎಂದರೆ ನಕ್ಕು ಎದ್ದುಬನ್ನಿ. ಗರ್ಭಿಣಿಯರಿಗೆಂದೇ ತರಬೇತಾದವರು ಒಂದು ಪಕ್ಕಕ್ಕೆ ಮಲಗಿಸಿ, ಹೊಟ್ಟೆಗೂ ಮಂಡಿಗಳ ನಡುವೆಯೂ ದಿಂಬು ಕೊಟ್ಟು ಮಾಡುತ್ತಾರೆ. ಕಾಲುಗಳನ್ನು ಆಳವಾಗಿ ಒತ್ತುವುದಿಲ್ಲ. ಆ ಸಮಯದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಮೊದಲು ವೈದ್ಯರನ್ನು ಕೇಳಿಯೇ ಹೋಗಿ.

ಯಾವ ಮಸಾಜೂ ಬೇಡದ ನೋವು

ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದೆಯಾ? ಅದನ್ನು ಯಾರ ಕೈಗೂ ಕೊಡಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಬರಬಹುದು. ಸೀದಾ ಆಸ್ಪತ್ರೆಗೆ. ಸೊಂಟನೋವಿನ ಜೊತೆ ಕಾಲು ಸೋಲುತ್ತಿದ್ದರೆ, ತೊಡೆಸಂದಿಯಲ್ಲಿ ಜೋಮು ಹಿಡಿದಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ ಆಗಲೂ ಆಸ್ಪತ್ರೆಗೇ, ಅದೂ ಅವತ್ತೇ. ಜ್ವರ ಇರುವಾಗ, ಚರ್ಮದಲ್ಲಿ ಸೋಂಕಿರುವಾಗ, ಹೊಸದಾಗಿ ಪೆಟ್ಟು ಬಿದ್ದು ಊದಿರುವಾಗ, ಮೂಳೆ ಮುರಿದ ಅನುಮಾನ ಇರುವಾಗ ಕಾಯಬೇಕು. ಕ್ಯಾನ್ಸರ್ ಇದ್ದವರು ಮಸಾಜ್ ಮಾಡಿಸಿಕೊಳ್ಳಲೇಬಾರದು ಎಂಬ ಮಾತು ಹಳೆಯದು. ವೈದ್ಯರು ಒಪ್ಪಿದರೆ ಹಗುರವಾದದ್ದು ಮಾಡಿಸಿಕೊಳ್ಳಬಹುದು, ಆದರೆ ಗಡ್ಡೆ ಇರುವ ಜಾಗ ಮುಟ್ಟುವಂತಿಲ್ಲ.

ಮಸಾಜ್ ನಡುವೆ ಕೇಳದೇ ಕತ್ತು ಹಿಡಿದು ಲಟಕ್ ಎಂದು ತಿರುಗಿಸುವವರಿದ್ದಾರೆ. ಆ ಶಬ್ದ ಕೇಳಿ ಏನೋ ಸರಿಯಾಯಿತು ಅಂತ ನಮಗೂ ಸಮಾಧಾನ. ಬೇಡ ಎಂದು ಮೊದಲೇ ಹೇಳಿಬಿಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹಾದುಹೋಗುತ್ತವೆ. ಅಪರೂಪಕ್ಕೆ ಆ ತಿರುವಿನಿಂದ ನಾಳದ ಒಳಪದರ ಸೀಳಿ ಪಾರ್ಶ್ವವಾಯು ಬಡಿದದ್ದಿದೆ.

ಎಷ್ಟು ಹೊತ್ತು, ಎಷ್ಟು ಸಲ?

ಬಗೆ ಆರಿಸುವುದಕ್ಕೆ ತಲೆ ಕೆಡಿಸಿಕೊಳ್ಳುವ ನಾವು ಇದನ್ನು ಮಾತ್ರ ಕೇಳುವುದೇ ಇಲ್ಲ. ಬಹುಕಾಲದ ಕತ್ತುನೋವಿದ್ದ 228 ಜನರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಬಂತು. ವಾರಕ್ಕೆ ಎರಡು ಮೂರು ಸಲ ಒಂದೊಂದು ಗಂಟೆ ಮಾಡಿಸಿಕೊಂಡವರಿಗೆ ನಾಲ್ಕು ವಾರದಲ್ಲಿ ಚೆನ್ನಾಗಿ ಗುಣ ಕಾಣಿಸಿತು. ಅರ್ಧರ್ಧ ಗಂಟೆ ಮಾಡಿಸಿಕೊಂಡವರಿಗೆ, ಮಾಡಿಸಿಕೊಳ್ಳದೇ ಇದ್ದವರಿಗಿಂತ ಹೆಚ್ಚೇನೂ ಆಗಲಿಲ್ಲ. ಹಾಗಾಗಿ ನೋವಿಗೆಂದು ಹೋಗುವುದಾದರೆ ವರ್ಷಕ್ಕೊಮ್ಮೆ ದೊಡ್ಡ ಹೆಸರಿನದ್ದು ಮಾಡಿಸುವ ಬದಲು, ಸಾಧಾರಣದ್ದನ್ನೇ ಒಂದು ತಿಂಗಳು ಬಿಡದೆ ಮಾಡಿಸಿ ನೋಡಿ. ನಾಲ್ಕೈದು ಸಲವಾದರೂ ಒಂದಿಷ್ಟೂ ವ್ಯತ್ಯಾಸವಿಲ್ಲದಿದ್ದರೆ ಬೇರೆ ಮಸಾಜ್ ಹುಡುಕಬೇಡಿ, ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ನೋಡಿ. ಬರೀ ಆರಾಮಕ್ಕೆ ಹೋಗುವವರಿಗೆ ಈ ಲೆಕ್ಕ ಬೇಡ, ಮನಸ್ಸಾದಾಗ ಹೋಗಿ.

ಮೇಜು ಹತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಅವರು ನಿಮ್ಮನ್ನು ಏನಾದರೂ ಕೇಳುತ್ತಾರಾ ನೋಡಿ. ಯಾವ ಕಾಯಿಲೆ ಇದೆ, ಯಾವ ಮಾತ್ರೆ ತಗೊಳ್ಳುತ್ತೀರಿ, ಎಲ್ಲಿ ಮುಟ್ಟಬಾರದು ಎಂದು ಅವರು ಕೇಳಬೇಕು. ಎಲ್ಲಿ ಕಲಿತವರು ಎಂದು ನೀವು ಕೇಳಿದರೆ ಸಿಡುಕದೆ ಹೇಳಬೇಕು. ಒಂದು ಮಾತೂ ಕೇಳದೆ "ಮಲಕೊಳ್ಳಿ" ಎಂದರೆ ಅವರ ಪಟ್ಟಿ ಎಷ್ಟೇ ಉದ್ದವಿರಲಿ, ನಾನಾದರೆ ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಎಷ್ಟು ಬಟ್ಟೆ ತೆಗೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಮಾಡುತ್ತಿರುವ ಭಾಗ ಬಿಟ್ಟು ಉಳಿದದ್ದು ಬಟ್ಟೆಯ ಕೆಳಗೇ ಇರಬೇಕು. ನಡುವೆ ಸಾಕು ಅನಿಸಿದರೆ ಸಾಕು ಎನ್ನಿ, ಕಾರಣ ಕೊಡಬೇಕಾಗಿಲ್ಲ.

ನಾನೀಗ ಮೊದಲ ಐದು ನಿಮಿಷದಲ್ಲೇ ಬಾಯಿ ಬಿಡುತ್ತೇನೆ. "ಇನ್ನೂ ಸ್ವಲ್ಪ ಹಗುರವಾಗಿ. ಎಡಭುಜದ ಹತ್ತಿರ ನಿಧಾನ. ಕತ್ತು ತಿರುಗಿಸಬೇಡಿ." ಹೋಗುವುದು ಸ್ವೀಡಿಷ್‌ಗೆ, ತಿಂಗಳಿಗೆ ಎರಡು ಸಲ. ಗಂಟು ಎದ್ದರೆ ಟೆನಿಸ್ ಚೆಂಡು ಇದ್ದೇ ಇದೆ. ಕಳೆದ ಸಲ ಬೆನ್ನು ಮುಗಿಸಿ ಕಾಲಿಗೆ ಬರುವಷ್ಟರಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆನಂತೆ.